ಸಾಲಿನಲ್ಲಿ ನಮ್ಮ ಮುಂದೆ ನಿಂತಿರುವ ಯಂತ್ರ

ಚೌತಿ ಸಮೀಪಿಸಿತೆಂದರೆ, ಊರಿನ ದೈವಸ್ಥಾನದ ನೇಮಕ್ಕೆ ದಿನ ನಿಗದಿಯಾಯಿತೆಂದರೆ, ಅಥವಾ ತೀರ ಅನಿರೀಕ್ಷಿತವಾಗಿ ಊರಿನಿಂದ ರಾತ್ರಿ ಹೊತ್ತಿನಲ್ಲಿ ಒಂದು ದೂರವಾಣಿ ಕರೆ ಬಂದಿತೆಂದರೆ, ಮರುದಿನ ಬೆಳಿಗ್ಗೆ ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ತಪ್ಪದೆ ನಡೆಯುವ ವಿಧಿಯೊಂದಿದೆ. ಹತ್ತು ಗಂಟೆಗೆ ಇನ್ನೂ ಐದು ನಿಮಿಷವಿರುವಾಗಲೇ ಮನೆಯ ಮಗನೋ ಮಗಳೋ ಕಂಪ್ಯೂಟರಿನ ಮುಂದೆ ಕುಳಿತಿರುತ್ತಾರೆ. ಪಕ್ಕದಲ್ಲಿ ಹಿರಿಯರು ಪ್ರಯಾಣಿಕರ ಹೆಸರು, ವಯಸ್ಸು ಬರೆದ ಚೀಟಿಯನ್ನು ಹಿಡಿದು ನಿಂತಿರುತ್ತಾರೆ. ಹವಾನಿಯಂತ್ರಿತ ದರ್ಜೆಯ ತತ್ಕಾಲ್ ಟಿಕೆಟು ಹತ್ತಕ್ಕೆ, ಸ್ಲೀಪರ್ ದರ್ಜೆಯದು ಹನ್ನೊಂದಕ್ಕೆ ತೆರೆಯುತ್ತದೆ. ಗಡಿಯಾರದ ಮುಳ್ಳು ಹತ್ತನ್ನು ಮುಟ್ಟುತ್ತದೆ, ಹೆಸರು ತುಂಬಿಸುತ್ತಾರೆ, ಓರೆಕೋರೆಯಾದ ಅಕ್ಷರಗಳನ್ನು ಕಣ್ಣು ಕಿರಿದು ಮಾಡಿ ಓದುತ್ತಾರೆ, ಅಷ್ಟರಲ್ಲಿ ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನ ಎದುರು ‘ವೇಟಿಂಗ್ ಲಿಸ್ಟ್’ ಎಂಬ ಎರಡು ಪದಗಳು ಮೂಡಿರುತ್ತವೆ.

ಆ ಒಂದೆರಡು ನಿಮಿಷಗಳಲ್ಲಿ ಟಿಕೆಟು ಪಡೆದವರು ಯಾರು? ಬಹಳಷ್ಟು ಮಂದಿ ನಮ್ಮಂತೆಯೇ ಊರಿಗೆ ಹೊರಟವರು. ನಮಗಿಂತ ಚುರುಕಾದ ಬೆರಳುಳ್ಳವರು. ಆಸನಗಳು ಕೆಲವು, ಕೇಳುವವರು ಹಲವರು ಎಂಬ ಮೂಲ ಸತ್ಯವನ್ನು ಮರೆತು ಎಲ್ಲಕ್ಕೂ ಕಳ್ಳರನ್ನೇ ಹೊಣೆ ಮಾಡುವುದು ನ್ಯಾಯವಲ್ಲ. ಆದರೆ ಆ ಸಾಲಿನಲ್ಲಿ ನಿಂತವರೆಲ್ಲರೂ ಮನುಷ್ಯರಲ್ಲ ಎಂಬುದೂ ಅಷ್ಟೇ ಸತ್ಯ. ರೈಲ್ವೆ ಸಚಿವಾಲಯವು 2025ರ ಜೂನ್ ತಿಂಗಳಲ್ಲಿ ಹೊರಡಿಸಿದ ಪ್ರಕಟಣೆಯಂತೆ, ತತ್ಕಾಲ್ ತೆರೆದ ಮೊದಲ ಐದು ನಿಮಿಷಗಳ ಲಾಗಿನ್ ಯತ್ನಗಳಲ್ಲಿ ಶೇಕಡಾ 50ರವರೆಗಿನ ಪಾಲು ಯಂತ್ರಗಳದ್ದಾಗಿತ್ತು. ಇಲ್ಲಿ ಯಂತ್ರವೆಂದರೆ ಕೈಕಾಲುಳ್ಳ ಲೋಹದ ಗೊಂಬೆಯಲ್ಲ. ಮನುಷ್ಯನಂತೆ ನಟಿಸುತ್ತ, ಮನುಷ್ಯನಿಗಿಂತ ನೂರ್ಮಡಿ ವೇಗದಲ್ಲಿ ಜಾಲತಾಣದ ಬಾಗಿಲು ಬಡಿಯುವ ತಂತ್ರಾಂಶ. ರೋಬಾಟ್ ಎಂಬ ಪದದ ಬಾಲವನ್ನಷ್ಟೇ ಉಳಿಸಿಕೊಂಡು ಇದನ್ನು ‘ಬಾಟ್’ ಎನ್ನುತ್ತಾರೆ.

ಈ ಲೇಖಕನು ಕಲಾ ವಿಭಾಗದ ಪದವೀಧರನೇ ಹೊರತು ಗಣಕ ವಿಜ್ಞಾನ ಕಲಿತವನಲ್ಲ. ಆದರೆ ಮೂರು ದಶಕಗಳ ಕಾಲ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತವನಿಗೆ ಸಾಲು ಎಂದರೇನು, ಸಾಲನ್ನು ಮುರಿಯುವವರು ಹೇಗೆ ಮುರಿಯುತ್ತಾರೆ ಎಂಬುದು ಒಂದಿಷ್ಟು ತಿಳಿದಿರುತ್ತದೆ. ನಾನು ಕೆಲಸಕ್ಕೆ ಸೇರಿದಾಗ ಹಣ ಹಿಂಪಡೆಯಲು ಬಂದವರಿಗೆ ಹಿತ್ತಾಳೆಯ ಟೋಕನ್ ಕೊಡುತ್ತಿದ್ದೆವು. ಸಂಖ್ಯೆ ಕೂಗಿದಾಗ ಟೋಕನ್ ಒಪ್ಪಿಸಿದವರಿಗೆ ಮಾತ್ರ ಹಣ. ಆ ಟೋಕನ್ನಿನ ಹಿಂದೆ ಇದ್ದುದು ಒಂದು ಸರಳ ನಂಬಿಕೆ: ಒಬ್ಬ ಮನುಷ್ಯನಿಗೆ ಒಂದು ದೇಹ, ಆದುದರಿಂದ ಸಾಲಿನಲ್ಲಿ ಒಂದೇ ಜಾಗ. ಅಂತರ್ಜಾಲದಲ್ಲಿ ದೇಹವಿಲ್ಲ. ಸಮಸ್ಯೆಯ ಬುಡ ಇರುವುದೇ ಅಲ್ಲಿ.

ಎಲ್ಲ ಬಾಟ್‌ಗಳೂ ದುಷ್ಟವಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಗೂಗಲ್‌ನಲ್ಲಿ ನಾವು ಏನನ್ನಾದರೂ ಹುಡುಕಿದಾಗ ಕ್ಷಣಾರ್ಧದಲ್ಲಿ ಉತ್ತರ ಸಿಗುವುದು, ಅದರ ಬಾಟ್‌ಗಳು ಮುಂಚಿತವಾಗಿಯೇ ಜಾಲತಾಣಗಳನ್ನು ಸುತ್ತಿ ಓದಿಟ್ಟಿರುವುದರಿಂದ. ಇಂತಹ ಸಂಚಾರಿಗಳಿಗೆ ‘ಇಲ್ಲಿಗೆ ಬನ್ನಿ, ಅಲ್ಲಿಗೆ ಬೇಡ’ ಎಂದು ತಿಳಿಸುವ ಸೂಚನಾಫಲಕವೊಂದನ್ನು ಪ್ರತಿ ತಾಣದ ಹೊಸ್ತಿಲಲ್ಲಿ ಇಡುವ ಪದ್ಧತಿ 1994ರಿಂದಲೂ ಇದೆ. ‘ರೋಬಾಟ್ಸ್ ಡಾಟ್ ಟಿಎಕ್ಸ್‌ಟಿ’ ಎಂಬ ಆ ಕಡತವನ್ನು ಸಭ್ಯ ಬಾಟ್‌ಗಳು ಓದಿ ಪಾಲಿಸುತ್ತವೆ. ದುಷ್ಟ ಬಾಟ್ ಅದನ್ನು ಓದುವುದೇ ಇಲ್ಲ. ಓದಿದರೂ ಯಾವ ಕೋಣೆಗೆ ಹೋಗಬೇಡವೆಂದಿದೆಯೋ ಅಲ್ಲಿಗೇ ಮೊದಲು ನುಗ್ಗುತ್ತದೆ. ‘ಹೂ ಕೀಳಬಾರದು’ ಎಂಬ ಫಲಕ ಹೂ ಕೀಳುವವನಿಗೆ ಹೂವಿರುವ ಜಾಗ ತೋರಿಸಿಕೊಟ್ಟ ಹಾಗೆ.

ಇಂಪರ್ವಾ ಎಂಬ ಕಂಪೆನಿಯು 2025ರಲ್ಲಿ ಪ್ರಕಟಿಸಿದ ವಾರ್ಷಿಕ ವರದಿಯು, 2024ರಲ್ಲಿ ಅಂತರ್ಜಾಲದ ಸಂಚಾರದಲ್ಲಿ ಶೇಕಡಾ 51ರಷ್ಟು ಯಂತ್ರಗಳದ್ದೆಂದೂ, ಒಟ್ಟು ಸಂಚಾರದ ಶೇಕಡಾ 37ರಷ್ಟು ದುಷ್ಟ ಬಾಟ್‌ಗಳದ್ದೆಂದೂ ಹೇಳಿತು. ಈ ಕಂಪೆನಿ ಬಾಟ್ ತಡೆಯುವ ಸಾಧನಗಳನ್ನು ಮಾರುತ್ತದೆ. ಬೀಗ ಮಾರುವವನು ಊರಿನ ಕಳ್ಳರ ಸಂಖ್ಯೆ ಹೇಳುವಾಗ ಒಂದಿಷ್ಟು ಎಚ್ಚರದಿಂದ ಕೇಳಿಸಿಕೊಳ್ಳಬೇಕು. ಆದರೂ ಹತ್ತು ಗಂಟೆಯ ರೈಲ್ವೆ ಲೆಕ್ಕವನ್ನು ಪಕ್ಕದಲ್ಲಿಟ್ಟು ನೋಡಿದರೆ ಅದು ತೀರ ಉತ್ಪ್ರೇಕ್ಷೆಯೆಂದು ತಳ್ಳಿಹಾಕಲಾಗದು.

ಇನ್ನು ತತ್ಕಾಲ್ ಬಾಟ್ ಕೆಲಸ ಮಾಡುವ ಬಗೆಯನ್ನು ನೋಡೋಣ. ಅದರಲ್ಲಿ ಮಾಟಮಂತ್ರವೇನೂ ಇಲ್ಲ. ಪ್ರಯಾಣಿಕರ ಹೆಸರು, ವಯಸ್ಸು, ರೈಲಿನ ಸಂಖ್ಯೆ, ದರ್ಜೆ, ಹಣ ಪಾವತಿಯ ವಿವರ, ಇವನ್ನೆಲ್ಲ ದಲ್ಲಾಳಿಯು ಹಿಂದಿನ ರಾತ್ರಿಯೇ ತುಂಬಿಸಿಟ್ಟಿರುತ್ತಾನೆ. ನಕಲಿ ಇ-ಮೇಲ್ ವಿಳಾಸಗಳಿಂದ ಸೃಷ್ಟಿಸಿದ ಹತ್ತಾರು, ನೂರಾರು ಬಳಕೆದಾರ ಖಾತೆಗಳು ಅವನ ಬಳಿ ಇರುತ್ತವೆ. ಹತ್ತು ಹೊಡೆದ ಕ್ಷಣಕ್ಕೆ ತಂತ್ರಾಂಶವು ಏಕಕಾಲದಲ್ಲಿ ಆ ಎಲ್ಲ ಖಾತೆಗಳಿಂದ ಪ್ರವೇಶಿಸಿ, ತುಂಬಿಟ್ಟ ವಿವರಗಳನ್ನು ಒಂದೇ ಏಟಿಗೆ ಸುರಿದು, ಪಾವತಿಯ ಪುಟಕ್ಕೆ ಹಾರುತ್ತದೆ. ನಮ್ಮ ಮಗಳು ಮೊದಲ ಪ್ರಯಾಣಿಕನ ಹೆಸರಿನ ಮೂರನೆಯ ಅಕ್ಷರವನ್ನು ಒತ್ತುವಷ್ಟರಲ್ಲಿ ಅಲ್ಲಿ ಎಲ್ಲವೂ ಮುಗಿದಿರುತ್ತದೆ. ಬಾಟ್‌ಗೆ ಬೇಕಾಗಿರುವುದು ಗಂಟೆಗಳ ಅನುಕೂಲವಲ್ಲ. ಕೇವಲ ಹತ್ತಿಪ್ಪತ್ತು ಸೆಕೆಂಡುಗಳ ಮುನ್ನಡೆ.

ಈ ದಂಧೆ ಎಷ್ಟು ಒಳಗಿನವರೆಗೆ ಬೇರು ಬಿಟ್ಟಿತ್ತೆಂಬುದಕ್ಕೆ 2017ರ ಡಿಸೆಂಬರಿನ ಪ್ರಕರಣವೇ ಸಾಕ್ಷಿ. ತತ್ಕಾಲ್ ಟಿಕೆಟುಗಳನ್ನು ಸಗಟಾಗಿ ಕಾಯ್ದಿರಿಸುವ ಅಕ್ರಮ ತಂತ್ರಾಂಶವನ್ನು ರಚಿಸಿ ದಲ್ಲಾಳಿಗಳಿಗೆ ಒದಗಿಸಿದ ಆರೋಪದ ಮೇಲೆ ಸಿಬಿಐ ಬಂಧಿಸಿದ್ದು ತನ್ನದೇ ಕಚೇರಿಯ ಸಹಾಯಕ ಪ್ರೋಗ್ರಾಮರ್ ಒಬ್ಬನನ್ನು. ಆತ ಅದಕ್ಕೆ ಮುನ್ನ ಐಆರ್‌ಸಿಟಿಸಿಯಲ್ಲಿ ಕೆಲಸ ಮಾಡಿದ್ದವನು. 2020ರ ಆರಂಭದಲ್ಲಿ ರೈಲ್ವೆ ರಕ್ಷಣಾ ದಳವು ‘ಎಎನ್‌ಎಂಎಸ್’ ಮುಂತಾದ ಹೆಸರುಗಳ ತಂತ್ರಾಂಶ ಜಾಲಗಳನ್ನು ಭೇದಿಸಿತು. ಒಂದು ಅಡಗಿದೊಡನೆ ಇನ್ನೊಂದು ಹೊಸ ಹೆಸರಿನಿಂದ ತಲೆ ಎತ್ತುವುದು ವಾಡಿಕೆಯಾಗಿದೆ. ಕಾನೂನು ಇಲ್ಲದಿಲ್ಲ. 1989ರ ರೈಲ್ವೆ ಅಧಿನಿಯಮದ 143ನೆಯ ಪ್ರಕರಣದಂತೆ ಅನಧಿಕೃತ ಟಿಕೆಟು ವ್ಯಾಪಾರಕ್ಕೆ ಮೂರು ವರ್ಷಗಳವರೆಗೆ ಸೆರೆವಾಸ, ಹತ್ತು ಸಾವಿರ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ ಉಂಟು. ಈ ಪ್ರಕರಣವನ್ನು ಬರೆದಾಗ ಅಂತರ್ಜಾಲದ ಟಿಕೆಟು ಎಂಬುದೇ ಇರಲಿಲ್ಲ (ಐಆರ್‌ಸಿಟಿಸಿಯ ತಾಣದಲ್ಲಿ ಟಿಕೆಟು ಆರಂಭವಾದದ್ದು 2002ರಲ್ಲಿ). ಆದುದರಿಂದ ಇ-ಟಿಕೆಟಿಗೆ ಇದು ಅನ್ವಯಿಸುವುದೇ ಎಂಬ ವಾದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅನ್ವಯಿಸುತ್ತದೆಂದು 2025ರ ಜನವರಿಯಲ್ಲಿ ತೀರ್ಪು ಬಂದಿತು.

ಪೊಲೀಸರು ಹಿಡಿಯುವುದು ಕಳವಾದ ಮೇಲೆ. ಕಳವಿಗೆ ಮುಂಚೆ ಬಾಗಿಲಲ್ಲೇ ತಡೆಯುವುದು ಹೇಗೆ? ಜಾಲತಾಣಗಳು ಕಳೆದ ಕಾಲು ಶತಮಾನದಲ್ಲಿ ಒಂದರ ಹಿಂದೊಂದಾಗಿ ಕಟ್ಟಿಕೊಂಡ ಬಾಗಿಲುಗಳ ಕಥೆ ಸ್ವಾರಸ್ಯವಾದುದು. ಪ್ರತಿಯೊಂದು ಬಾಗಿಲೂ ಯಂತ್ರವನ್ನು ತಡೆಯಲು ಕಟ್ಟಿದ್ದು. ಪ್ರತಿಯೊಂದಕ್ಕೂ ಯಾರೋ ಒಬ್ಬ ನಿಜವಾದ ಮನುಷ್ಯನ ಹಣೆ ತಗುಲಿದೆ.

ಮೊದಲನೆಯದು ನಮಗೆಲ್ಲ ಪರಿಚಿತವಾದ ಕ್ಯಾಪ್ಚಾ. ಮನುಷ್ಯನು ಸುಲಭವಾಗಿ ಮಾಡಬಲ್ಲ, ಯಂತ್ರವು ಮಾಡಲಾರದ ಒಂದು ಪರೀಕ್ಷೆಯನ್ನು ಯಂತ್ರವೇ ಕೊಡಬೇಕು ಎಂಬ ವಿಚಿತ್ರ ಕಲ್ಪನೆಯಿಂದ ಹುಟ್ಟಿದ್ದು ಇದು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಲೂಯಿಸ್ ವಾನ್ ಆನ್, ಮ್ಯಾನುಯೆಲ್ ಬ್ಲಮ್ ಮೊದಲಾದವರು 2000ದ ಸುಮಾರಿಗೆ ಇದನ್ನು ರೂಪಿಸಿ ಹೆಸರಿಟ್ಟರು. ಅಕ್ಷರಗಳನ್ನು ತಿರುಚಿ, ಗೀಟು ಎಳೆದು, ಮಸಿ ಚೆಲ್ಲಿದಂತೆ ಮಾಡಿ ತೋರಿಸಿದರೆ ಅಂದಿನ ಯಂತ್ರಗಳಿಗೆ ಓದಲಾಗುತ್ತಿರಲಿಲ್ಲ. ವಾನ್ ಆನ್ 2007ರಲ್ಲಿ ಇದನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದರು. ಜನ ಹೇಗೂ ಅಕ್ಷರ ಓದುವ ಶ್ರಮ ಪಡುತ್ತಾರೆ. ಆ ಶ್ರಮವನ್ನು ಹಳೆಯ ಮುದ್ರಿತ ಪುಟಗಳನ್ನು ಗಣಕಕ್ಕೆ ಇಳಿಸಲು ಏಕೆ ಬಳಸಬಾರದೆಂದು ಯೋಚಿಸಿ, ಯಂತ್ರವು ಓದಲು ಸೋತ ಪದಗಳನ್ನೇ ಪರೀಕ್ಷೆಯಾಗಿ ಕೊಟ್ಟರು. ಹೀಗೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಹಳೆಯ ಸಂಚಿಕೆಗಳ ಮಸುಕಾದ ಪದಗಳನ್ನು ಜಗತ್ತಿನ ಲಕ್ಷಾಂತರ ಜನ, ತಮಗೇ ಅರಿವಿಲ್ಲದೆ, ಓದಿಕೊಟ್ಟರು. ರೀಕ್ಯಾಪ್ಚಾ ಎಂಬ ಈ ವ್ಯವಸ್ಥೆಯನ್ನು 2009ರಲ್ಲಿ ಗೂಗಲ್ ಕೊಂಡುಕೊಂಡಿತು. ಆಮೇಲೆ ಅಕ್ಷರದ ಬದಲು ಚಿತ್ರಗಳು ಬಂದವು: ಟ್ರಾಫಿಕ್ ದೀಪವಿರುವ ಚೌಕಗಳನ್ನು ಆರಿಸಿ, ಬಸ್ಸುಗಳನ್ನು ಆರಿಸಿ, ಬೆಂಕಿ ಆರಿಸುವ ನೀರಿನ ಕಂಬಗಳನ್ನು ಆರಿಸಿ. ಈ ಕೊನೆಯದು ಅಮೆರಿಕದ ಬೀದಿಯ ವಸ್ತು. ಮಾಟುಂಗದಲ್ಲಿ ಎಪ್ಪತ್ತು ವರ್ಷ ಬಾಳಿದ ಅಜ್ಜಿಗೆ ಅದು ಏನೆಂದು ಹೇಗೆ ತಿಳಿಯಬೇಕು?

ಕ್ಯಾಪ್ಚಾದ ದೊರೆತನ ಈಗ ಮುಗಿಯುತ್ತ ಬಂದಿದೆ. 2023ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಅರ್ವೈನ್ ಶಾಖೆಯ ಸಂಶೋಧಕರು, ಈ ಒಗಟುಗಳನ್ನು ಬಿಡಿಸುವುದರಲ್ಲಿ ಬಾಟ್‌ಗಳೇ ಮನುಷ್ಯರಿಗಿಂತ ವೇಗವಾಗಿಯೂ ನಿಖರವಾಗಿಯೂ ಇವೆಯೆಂದು ತೋರಿಸಿದರು. 2024ರಲ್ಲಿ ಸ್ವಿಟ್ಜರ್ಲೆಂಡಿನ ಇಟಿಎಚ್ ಜೂರಿಕ್ ಸಂಸ್ಥೆಯ ಸಂಶೋಧಕರು, ಗೂಗಲ್‌ನ ಚಿತ್ರದ ಒಗಟುಗಳನ್ನು ತಮ್ಮ ಯಂತ್ರವು ಪ್ರತಿ ಬಾರಿಯೂ ದಾಟಿತೆಂದು ವರದಿ ಮಾಡಿದರು. ಯಂತ್ರಕ್ಕೆ ಸಾಧ್ಯವಾಗದಿದ್ದರೂ ಚಿಂತೆಯಿಲ್ಲ. ಅಲ್ಪ ಕೂಲಿಗೆ ದಿನವಿಡೀ ಕ್ಯಾಪ್ಚಾ ಬಿಡಿಸಿಕೊಡುವ ಬಡ ದೇಶಗಳ ಮನುಷ್ಯರನ್ನು ಇಟ್ಟುಕೊಂಡ ಅಂಗಡಿಗಳಿವೆ. ಬಾಟ್ ಚಿತ್ರವನ್ನು ಅವರಿಗೆ ಕಳುಹಿಸಿ ಕೆಲವೇ ಸೆಕೆಂಡುಗಳಲ್ಲಿ ಉತ್ತರ ತರಿಸಿಕೊಳ್ಳುತ್ತದೆ. ಯಂತ್ರವನ್ನು ತಡೆಯಲು ಹುಟ್ಟಿದ ಪರೀಕ್ಷೆಯಲ್ಲಿ ಈಗ ಹೆಚ್ಚಾಗಿ ಅನುತ್ತೀರ್ಣರಾಗುವವರು ಕಣ್ಣಿನ ಪೊರೆಯ ಹಿರಿಯರು, ಮತ್ತು ದೃಷ್ಟಿಹೀನರು.

ಎರಡನೆಯ ಬಾಗಿಲು ಲೆಕ್ಕದ್ದು. ಜಾಲತಾಣಕ್ಕೆ ಬರುವ ಪ್ರತಿ ಕೋರಿಕೆಯ ಜೊತೆಗೂ ಐ.ಪಿ. ವಿಳಾಸ ಎಂಬ ಸಂಖ್ಯೆಯೊಂದು ಬರುತ್ತದೆ. ಅದು ಬಂದ ಮನೆಯ ಗುರುತು ಎನ್ನಿ. ಒಂದೇ ವಿಳಾಸದಿಂದ ನಿಮಿಷಕ್ಕೆ ನೂರಾರು ಕೋರಿಕೆಗಳು ಬಂದರೆ ಅದು ಮನುಷ್ಯನ ಕೆಲಸವಲ್ಲವೆಂದು ತಿಳಿದು ತಡೆಹಿಡಿಯಬಹುದು. ಇದು ಅಗ್ಗವಾದ ಉಪಾಯ. ಮೈಮರೆತ ಬಾಟ್‌ಗಳನ್ನು ಇಂದಿಗೂ ಹಿಡಿಯುತ್ತದೆ. ಕೋವಿಡ್ ಲಸಿಕೆಯ ದಿನಗಳನ್ನು ನೆನೆಯಬಹುದು. 2021ರ ಮೇ ತಿಂಗಳಲ್ಲಿ 18 ವರ್ಷ ದಾಟಿದವರಿಗೆಲ್ಲ ಲಸಿಕೆ ತೆರೆದಾಗ, ಕೋವಿನ್ ತಾಣದಲ್ಲಿ ಸ್ಥಳ ಕಾಯ್ದಿರಿಸುವುದು ತತ್ಕಾಲ್‌ಗಿಂತ ಕಷ್ಟವಾಗಿತ್ತು. ಕಂಪ್ಯೂಟರ್ ಬಲ್ಲ ಯುವಕರು ಬರೆದ ತಂತ್ರಾಂಶಗಳು ಕೆಲವೇ ಕ್ಷಣಗಳಿಗೊಮ್ಮೆ ತಾಣವನ್ನು ವಿಚಾರಿಸುತ್ತ, ಸ್ಥಳ ತೆರೆದೊಡನೆ ಸೂಚನೆ ಕೊಡುತ್ತಿದ್ದವು. ಕೆಲವು ತಾವೇ ಕಾಯ್ದಿರಿಸುತ್ತಿದ್ದವು. ಅವರಲ್ಲಿ ಬಹುಮಂದಿ ದುಷ್ಟರಲ್ಲ. ತಮ್ಮ ಮನೆಯವರಿಗೆ ಲಸಿಕೆ ಬೇಕಿತ್ತು, ಅಷ್ಟೇ. ಆದರೆ ಸ್ಮಾರ್ಟ್‌ಫೋನೇ ಇಲ್ಲದ ಮನೆಗೆಲಸದ ಹೆಂಗಸಿನ ಸರದಿ ಅಷ್ಟರಮಟ್ಟಿಗೆ ಹಿಂದಕ್ಕೆ ಹೋಯಿತು. ಸರ್ಕಾರವು ಕ್ಯಾಪ್ಚಾ ಸೇರಿಸಿ, ಒಂದು ವಿಳಾಸದಿಂದ ವಿಚಾರಿಸಬಹುದಾದ ಸಲಗಳಿಗೆ ಮಿತಿ ಹಾಕಿತು. ಬಾಟ್ ಬರೆದವನು ಯಾವಾಗಲೂ ಖಳನಾಯಕನೇ ಆಗಿರಬೇಕಿಲ್ಲವೆಂಬುದನ್ನು ನಾನು ಆ ತಿಂಗಳಿನಲ್ಲಿ ಕಲಿತೆ. ಸಾಲನ್ನು ಮುರಿದದ್ದು ಮಾತ್ರ ಮುರಿದದ್ದೇ.

ಲೆಕ್ಕದ ಬಾಗಿಲಿಗೆ ಎರಡು ಕೊರತೆಗಳಿವೆ. ಮೊಬೈಲ್ ಕಂಪೆನಿಗಳು ಅನೇಕ ವೇಳೆ ಸಾವಿರಾರು ಗ್ರಾಹಕರನ್ನು ಒಂದೇ ಐ.ಪಿ. ವಿಳಾಸದ ಹಿಂದೆ ಕೂರಿಸಿರುತ್ತವೆ. ಒಬ್ಬ ಕಳ್ಳನಿಗಾಗಿ ಆ ವಿಳಾಸವನ್ನು ಮುಚ್ಚಿದರೆ ಇಡೀ ಬಡಾವಣೆಯ ಬಾಗಿಲು ಮುಚ್ಚಿದಂತಾಗುತ್ತದೆ. ಇನ್ನೊಂದು ಕೊರತೆ ಇದರ ತಿರುಗುಮುರುಗು: ಬಾಟ್ ನಡೆಸುವವನು ಸಾವಿರಾರು ಬೇರೆ ಬೇರೆ ವಿಳಾಸಗಳಿಂದ ತಲಾ ಎರಡೆರಡು ಕೋರಿಕೆ ಕಳುಹಿಸಿದರೆ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಆ ವಿಳಾಸಗಳು ಎಲ್ಲಿಂದ ಬರುತ್ತವೆ? ನಮ್ಮ ನಿಮ್ಮ ಮನೆಗಳಿಂದಲೇ. 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶವು, ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಬದಲಿಸದೆ ಹಾಗೆಯೇ ಬಿಟ್ಟಿದ್ದ ಕಾವಲು ಕ್ಯಾಮೆರಾಗಳು, ಇಂಟರ್‌ನೆಟ್ ರೌಟರುಗಳನ್ನು ಲಕ್ಷಗಟ್ಟಲೆ ವಶಪಡಿಸಿಕೊಂಡಿತು. ಆ ವರ್ಷದ ಅಕ್ಟೋಬರ್ 21ರಂದು ಅವುಗಳ ಮೂಲಕ ನಡೆಸಿದ ದಾಳಿಯಿಂದ ಟ್ವಿಟರ್, ನೆಟ್‌ಫ್ಲಿಕ್ಸ್‌ನಂತಹ ತಾಣಗಳು ಅಮೆರಿಕದ ಬಹುಭಾಗದಲ್ಲಿ ಗಂಟೆಗಳ ಕಾಲ ಸಿಗದಾದವು. ಕಳ್ಳನನ್ನು ಕಾಯಲೆಂದು ಬಾಗಿಲ ಮೇಲೆ ತೂಗುಹಾಕಿದ ಕ್ಯಾಮೆರಾ ತಾನೇ ಕಳ್ಳರ ತಂಡದಲ್ಲಿತ್ತು. ‘ಉಚಿತ’ವೆಂದು ನಾವು ಫೋನಿಗೆ ಇಳಿಸಿಕೊಳ್ಳುವ ಕೆಲವು ಆ್ಯಪ್‌ಗಳೂ ಇದೇ ರೀತಿ ನಮ್ಮ ಸಂಪರ್ಕವನ್ನು ಸದ್ದಿಲ್ಲದೆ ಬಾಡಿಗೆಗೆ ಕೊಡುತ್ತವೆ.

ಮೂರನೆಯ ಬಾಗಿಲು ನಡವಳಿಕೆಯದು. ಮನುಷ್ಯನ ಕೈ ನಡುಗುತ್ತದೆ. ಮೌಸ್ ನೇರ ಗೆರೆಯಲ್ಲಿ ಚಲಿಸುವುದಿಲ್ಲ. ಅಕ್ಷರ ಒತ್ತುವಾಗ ಒಂದಕ್ಕೊಂದಕ್ಕೆ ನಡುವಿನ ಅಂತರ ಏರುಪೇರಾಗುತ್ತದೆ. ತಪ್ಪು ಮಾಡಿ ಅಳಿಸುತ್ತಾನೆ. ಈ ದೌರ್ಬಲ್ಯಗಳೇ ಅವನ ಗುರುತಿನ ಚೀಟಿ. ಗೂಗಲ್‌ನ ‘ನಾನು ರೋಬಾಟ್ ಅಲ್ಲ’ ಎಂಬ ಪೆಟ್ಟಿಗೆ 2014ರಲ್ಲಿ ಬಂದಾಗ ಅನೇಕರು ನಕ್ಕಿದ್ದರು. ಕಳ್ಳನನ್ನು ನೀನು ಕಳ್ಳನೇ ಎಂದು ಕೇಳಿದಂತಾಯಿತಲ್ಲ ಎಂದು. ಆದರೆ ಅಲ್ಲಿ ನೋಡುತ್ತಿದ್ದುದು ಉತ್ತರವನ್ನಲ್ಲ. ಆ ಪೆಟ್ಟಿಗೆಯ ಬಳಿಗೆ ಬಂದ ಬಗೆಯನ್ನು, ಬ್ರೌಸರಿನ ಹಳೆಯ ಜಾಡನ್ನು. ರೈಲ್ವೆಯವರು ಇದರ ಸರಳ ರೂಪವೊಂದನ್ನು ಜಾರಿಗೆ ತಂದರು: ಪ್ರಯಾಣಿಕರ ವಿವರ ತುಂಬಲು ಕನಿಷ್ಠ 25 ಸೆಕೆಂಡು ಹಿಡಿಯಲೇಬೇಕು. ಅದಕ್ಕೆ ಮುಂಚೆ ತುಂಬಿ ಒಪ್ಪಿಸಿದರೆ ನಡೆಯದು. ವೇಗವೇ ಬಾಟ್‌ನ ಬಂಡವಾಳವಾದುದರಿಂದ ಆ ಬಂಡವಾಳವನ್ನೇ ಮುಟ್ಟುಗೋಲು ಹಾಕುವ ಜಾಣ್ಮೆ ಇದು. ನನಗೆ ವೈಯಕ್ತಿಕವಾಗಿ ಎಲ್ಲ ಉಪಾಯಗಳಲ್ಲಿಯೂ ಇದೇ ಹೆಚ್ಚು ಹಿಡಿಸಿದ್ದು; ಏಕೆಂದರೆ ನಿಧಾನವಾಗಿ ಟೈಪಿಸುವವನಿಗೆ ಇದರಿಂದ ನಷ್ಟವಿಲ್ಲ. ಆದರೆ ಬಾಟ್ ಬರೆಯುವವರೂ ಕಲಿಯುತ್ತಾರೆ. ಈಗಿನ ತಂತ್ರಾಂಶಗಳು ಬೇಕೆಂದೇ ತಡವರಿಸುತ್ತವೆ, ಮೌಸನ್ನು ಓರೆಯಾಗಿ ಓಡಿಸುತ್ತವೆ, 25 ಸೆಕೆಂಡು ಎಂದರೆ ಸರಿಯಾಗಿ 25 ಸೆಕೆಂಡು ಕಾಯುತ್ತವೆ. ಆದರೂ ನೂರು ಖಾತೆಗಳಿಂದ ಒಟ್ಟಿಗೆ ಕಾಯುತ್ತಿರುತ್ತವೆ ಎಂಬುದು ಬೇರೆ ಮಾತು.

ಈ ‘ನೂರು ಖಾತೆ’ ಎಂಬ ಮಾತು ಬಂದಾಗಲೆಲ್ಲ ಬ್ಯಾಂಕಿನವರಿಗೆ 2005ನೆಯ ಇಸವಿ ನೆನಪಾಗುತ್ತದೆ. ಹೊಸ ಕಂಪೆನಿಗಳ ಷೇರು ವಿತರಣೆಯಲ್ಲಿ ಸಣ್ಣ ಹೂಡಿಕೆದಾರರಿಗೆಂದು ಕಾದಿರಿಸಿದ ಪಾಲನ್ನು, ಕೆಲವು ವ್ಯಕ್ತಿಗಳು ಸಾವಿರಾರು ಬೇನಾಮಿ ಡಿಮ್ಯಾಟ್ ಖಾತೆಗಳನ್ನು ತೆರೆದು ಕಬಳಿಸಿದ್ದರು. 2006ರಲ್ಲಿ ಸೆಬಿ ಆ ಹಗರಣವನ್ನು ಬಯಲು ಮಾಡಿತು. ಅಲ್ಲಿ ಬಾಟ್ ಇರಲಿಲ್ಲ. ಕಾಗದದ ಅರ್ಜಿಗಳು, ಅಂಟಿಸಿದ ಭಾವಚಿತ್ರಗಳು ಇದ್ದವು. ಆದರೆ ಅಪರಾಧದ ಸ್ವರೂಪ ಒಂದೇ: ಒಬ್ಬನೇ ಸಾವಿರ ಮಂದಿಯಾಗಿ ಸಾಲಿನಲ್ಲಿ ನಿಲ್ಲುವುದು. ಅದಕ್ಕೆ ಕಂಡುಕೊಂಡ ಮದ್ದೂ ಒಂದೇ: ನಿಂತವನು ಯಾರೆಂದು ಕೇಳುವುದು. ನಮ್ಮಲ್ಲಿ ಅದಕ್ಕೆ ಕೆವೈಸಿ ಎನ್ನುತ್ತೇವೆ. ಗ್ರಾಹಕರಿಂದ ಆ ಮೂರಕ್ಷರಗಳಿಗಾಗಿ ನಾವು ಕೇಳಿಸಿಕೊಂಡ ಬೈಗುಳ ಸಾಮಾನ್ಯವೇನಲ್ಲ.

ರೈಲ್ವೆಯೂ ಕೊನೆಗೆ ಅಲ್ಲಿಗೇ ಬಂದಿತು. 2025ರ ಜುಲೈ 1ರಿಂದ, ಐಆರ್‌ಸಿಟಿಸಿ ತಾಣದಲ್ಲಿ ಮತ್ತು ಆ್ಯಪ್‌ನಲ್ಲಿ ತತ್ಕಾಲ್ ಟಿಕೆಟು ಪಡೆಯಲು ಬಳಕೆದಾರನ ಖಾತೆಯು ಆಧಾರ್ ಮೂಲಕ ದೃಢೀಕೃತವಾಗಿರಬೇಕು ಎಂಬ ನಿಯಮ ಬಂದಿತು. ಜುಲೈ 15ರಿಂದ ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವ ಓಟಿಪಿಯೂ ಕಡ್ಡಾಯವಾಯಿತು. ಅಧಿಕೃತ ಏಜೆಂಟರು ತತ್ಕಾಲ್ ತೆರೆದ ಮೊದಲ 30 ನಿಮಿಷ ಟಿಕೆಟು ಮಾಡುವಂತಿಲ್ಲ. ಅದಕ್ಕೆ ಮುನ್ನವೇ ಎರಡೂವರೆ ಕೋಟಿ ಸಂಶಯಾಸ್ಪದ ಖಾತೆಗಳನ್ನು ನಿಷ್ಕ್ರಿಯಗೊಳಿಸಲಾಗಿತ್ತು. ಎರಡೂವರೆ ಕೋಟಿ! ಸಾಲಿನಲ್ಲಿ ನಿಂತಿದ್ದ ಭೂತಗಳ ಸಂಖ್ಯೆಯನ್ನು ಊಹಿಸಿಕೊಳ್ಳಿ. ಅದರೊಡನೆ ಬಾಟ್ ಗುರುತಿಸುವ ಹೊಸ ವ್ಯವಸ್ಥೆಯನ್ನೂ, ಒತ್ತಡವನ್ನು ಹಲವು ಸರ್ವರುಗಳಿಗೆ ಹಂಚುವ ಜಾಲವನ್ನೂ ಅಳವಡಿಸಿದ್ದರಿಂದ, 2025ರ ಮೇ 22ರಂದು ಬೆಳಿಗ್ಗೆ ಹತ್ತು ಗಂಟೆಯ ಒಂದೇ ನಿಮಿಷದಲ್ಲಿ 31,814 ಟಿಕೆಟುಗಳು ಬಿಕರಿಯಾಗಿ ದಾಖಲೆಯಾಯಿತು. ಅಕ್ಟೋಬರ್ 1ರಿಂದ ಸಾಮಾನ್ಯ ಮುಂಗಡ ಕಾಯ್ದಿರಿಸುವಿಕೆಯ ಮೊದಲ 15 ನಿಮಿಷಗಳಿಗೂ ಆಧಾರ್ ನಿಯಮ ವಿಸ್ತರಿಸಿತು. ಅನಂತರ ಆ ಅವಧಿಯನ್ನು ಹಂತಹಂತವಾಗಿ ಹಿಗ್ಗಿಸಲಾಯಿತು.

ಈ ಬಾಗಿಲು ಹಿಂದಿನ ಮೂರಕ್ಕಿಂತ ಗಟ್ಟಿಯಾದುದು. ಅಕ್ಷರ ಓದುವ ಯಂತ್ರ ಮಾಡಬಹುದು, ತಡವರಿಸುವ ಯಂತ್ರ ಮಾಡಬಹುದು. ಸಾವಿರ ಆಧಾರ್ ಸಂಖ್ಯೆಗಳನ್ನೂ ಅವಕ್ಕೆ ಜೋಡಿಸಿದ ಸಾವಿರ ಫೋನುಗಳನ್ನೂ ಒಟ್ಟುಗೂಡಿಸುವುದು ದುಬಾರಿ. ಬಾಟ್ ತಡೆಯ ಇಡೀ ಶಾಸ್ತ್ರ ನಿಂತಿರುವುದು ಈ ‘ದುಬಾರಿ’ ಎಂಬ ಪದದ ಮೇಲೆ. ಪೂರ್ತಿ ತಡೆಯಲು ಯಾರಿಂದಲೂ ಸಾಧ್ಯವಿಲ್ಲ. ದಲ್ಲಾಳಿಯ ಲಾಭಕ್ಕಿಂತ ಅವನ ಖರ್ಚು ಹೆಚ್ಚಾಗುವಂತೆ ಮಾಡುವುದಷ್ಟೇ ಸಾಧ್ಯ. ಆದರೆ ಖರ್ಚು ಅವನಿಗೆ ಮಾತ್ರವಲ್ಲ. ಆಧಾರ್‌ನಲ್ಲಿ ಹತ್ತು ವರ್ಷದ ಹಿಂದಿನ, ಈಗ ಬಳಕೆಯಲ್ಲಿಲ್ಲದ ಮೊಬೈಲ್ ಸಂಖ್ಯೆಯನ್ನೇ ಉಳಿಸಿಕೊಂಡಿರುವ ಹಿರಿಯರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ? ಮೊದಲು ನೆರೆಮನೆಯ ಹುಡುಗ ತನ್ನ ಖಾತೆಯಿಂದ ನಾಲ್ಕು ಮನೆಗಳವರಿಗೆ ಟಿಕೆಟು ಮಾಡಿಕೊಡುತ್ತಿದ್ದ. ಆಧಾರ್ ದೃಢೀಕೃತ ಖಾತೆಗೂ ತಿಂಗಳಿಗೆ 24 ಟಿಕೆಟುಗಳ ಮಿತಿಯಿದೆ. ದಲ್ಲಾಳಿಗಾಗಿ ಬೀಸಿದ ಬಲೆಯಲ್ಲಿ ಪರೋಪಕಾರಿಯೂ ಸಿಲುಕುತ್ತಾನೆ. ಆಧಾರ್‌ನ ಮೊಬೈಲ್ ಸಂಖ್ಯೆಯನ್ನು ಮನೆಯಿಂದಲೇ ಸರಿಪಡಿಸಲಾಗುತ್ತಿಲ್ಲವಾದರೆ ಆಧಾರ್ ಕೇಂದ್ರಕ್ಕೆ ಒಮ್ಮೆ ಹೋಗಿಬರುವುದು ಚೌತಿಯ ವಾರದಲ್ಲಲ್ಲ, ಈಗಲೇ ಆಗಬೇಕಾದ ಕೆಲಸ.

ಟಿಕೆಟಿನ ಮಾತು ಇಷ್ಟು ಸಾಕು. ಬ್ಯಾಂಕಿನ ಬಾಗಿಲಿಗೆ ಬರುವ ಬಾಟ್‌ಗಳ ಉದ್ದೇಶ ಬೇರೆ. ಅವು ಸಾಲು ಹಾರಲು ಬರುವುದಿಲ್ಲ. ಬೀಗದ ಕೈಗಳ ಗೊಂಚಲು ಹಿಡಿದು ಬರುತ್ತವೆ. ಯಾವುದೋ ಒಂದು ಅಂಗಡಿಯ, ಆಟದ, ವಧೂವರರ ತಾಣದಿಂದ ಸೋರಿಹೋದ ಇ-ಮೇಲ್ ಮತ್ತು ಪಾಸ್‌ವರ್ಡುಗಳ ಪಟ್ಟಿಗಳು ಕಳ್ಳಸಂತೆಯಲ್ಲಿ ಕೋಟಿಗಟ್ಟಲೆ ಮಾರಾಟಕ್ಕಿವೆ. ಬಾಟ್ ಆ ಪಟ್ಟಿಯನ್ನು ಹಿಡಿದು ಬೇರೆ ತಾಣಗಳಲ್ಲಿ ಒಂದೊಂದಾಗಿ ಪ್ರಯತ್ನಿಸುತ್ತದೆ. ಏಕೆಂದರೆ ಜನ ಎಲ್ಲ ಕಡೆಯೂ ಒಂದೇ ಪಾಸ್‌ವರ್ಡ್ ಇಡುತ್ತಾರೆ. 2023ರಲ್ಲಿ ಅಮೆರಿಕದ ಟ್ವೆಂಟಿಥ್ರೀ ಆ್ಯಂಡ್ ಮೀ ಎಂಬ ವಂಶವಾಹಿ ಪರೀಕ್ಷೆಯ ಕಂಪೆನಿಯಲ್ಲಿ ಹೀಗೆ ಸುಮಾರು 14,000 ಖಾತೆಗಳು ತೆರೆದುಕೊಂಡವು. ಆ ಖಾತೆಗಳು ಸಂಬಂಧಿಕರ ಖಾತೆಗಳಿಗೆ ಕೊಂಡಿಯಾಗಿದ್ದುದರಿಂದ ಸುಮಾರು 69 ಲಕ್ಷ ಜನರ ವಿವರಗಳು ಹೊರಬಿದ್ದವು. ಕೀಲಿ ಕಳೆದುಕೊಂಡವನು ಒಬ್ಬ, ಕಳವಾದದ್ದು ದಾಯಾದಿಗಳೆಲ್ಲರ ಮನೆ.

ನಮ್ಮ ದೇಶದಲ್ಲಿ ಕಾರ್ಡ್ ಮೂಲಕ ಅಂತರ್ಜಾಲದಲ್ಲಿ ಹಣ ಪಾವತಿಸುವಾಗ ಎರಡನೆಯ ದೃಢೀಕರಣವನ್ನು ರಿಸರ್ವ್ ಬ್ಯಾಂಕು 2009ರ ಆಗಸ್ಟಿನಿಂದಲೇ ಕಡ್ಡಾಯ ಮಾಡಿತು. ಆಗ ಗೊಣಗಿದವರಲ್ಲಿ ಬ್ಯಾಂಕ್ ನೌಕರರೂ ಇದ್ದರು. ಪಾಸ್‌ವರ್ಡ್ ಮಾತ್ರ ಕದ್ದ ಬಾಟ್ ಇಂದು ಹಣದ ಪೆಟ್ಟಿಗೆಯವರೆಗೆ ಹೋಗಲಾರದೆ ಹೊಸ್ತಿಲಲ್ಲಿ ನಿಲ್ಲುವುದು ಆ ಗೊಣಗಾಟದ ಫಲ. ಆದರೆ ಹೊಸ್ತಿಲಲ್ಲಿ ನಿಂತೂ ಅದು ತೊಂದರೆ ಕೊಡಬಲ್ಲದು. ಕೆಲವು ಬಾರಿ ತಪ್ಪು ಪಾಸ್‌ವರ್ಡ್ ಹಾಕಿದರೆ ಖಾತೆಗೆ ತಾತ್ಕಾಲಿಕ ಬೀಗ ಬೀಳುತ್ತದಲ್ಲ? ಬಾಟ್ ಒಂದು ರಾತ್ರಿ ಕುಳಿತು ಸಾವಿರಾರು ಖಾತೆಗಳಿಗೆ ತಪ್ಪು ಪಾಸ್‌ವರ್ಡ್ ಹಾಕಿತೆನ್ನಿ. ಮರುದಿನ ಬೆಳಿಗ್ಗೆ ಕೌಂಟರಿನ ಎದುರು ಬಂದು ಏರಿದ ದನಿಯಲ್ಲಿ ಮಾತಾಡುವವರು ಬಾಟ್‌ಗಳಲ್ಲ, ನಮ್ಮ ಪಿಂಚಣಿದಾರರು. ಆದುದರಿಂದಲೇ ಈಚಿನ ವ್ಯವಸ್ಥೆಗಳು ತಪ್ಪುಗಳ ಸಂಖ್ಯೆಯೊಂದನ್ನೇ ನೋಡದೆ, ಯಾವ ಸಾಧನದಿಂದ, ಯಾವ ಊರಿನಿಂದ, ಎಂತಹ ವೇಳೆಯಲ್ಲಿ ಎಂಬುದನ್ನೂ ತೂಗಿ ನೋಡುತ್ತವೆ. ಹತ್ತು ವರ್ಷದಿಂದ ಒಂದೇ ಫೋನಿನಿಂದ ಬರುವ ಹಿರಿಯರು ಒಂದಕ್ಷರ ತಪ್ಪಿದರೆ ಕ್ಷಮೆ. ಅಪರಿಚಿತ ಯಂತ್ರದಿಂದ ನಡುರಾತ್ರಿ ಬಂದವನು ಸರಿಯಾದ ಪಾಸ್‌ವರ್ಡ್ ಕೊಟ್ಟರೂ ವಿಚಾರಣೆ. ಹಿಂದಿನ ಕಾಲದ ಕ್ಯಾಷಿಯರು ಗ್ರಾಹಕನ ಮುಖ ನೋಡಿ ಸಹಿಯ ವ್ಯತ್ಯಾಸವನ್ನು ಮನ್ನಿಸುತ್ತಿದ್ದ ವಿವೇಕ ಇದೇ.

ಇವೆಲ್ಲ ದೊಡ್ಡವರ ಮನೆಯ ಮಾತು. ಸಣ್ಣ ತಾಣಗಳಿಗೆ ಬಾಟ್ ಏಕೆ ಬರುತ್ತದೆ ಎಂದು ಕೇಳಬಹುದು. ನಾನು ಕಾರ್ಯಕಾರಿ ಸಮಿತಿಯಲ್ಲಿರುವ ಒಂದು ಸಂಘದ ಅನುಭವವನ್ನು ಹೇಳುತ್ತೇನೆ. ಸದಸ್ಯತ್ವದ ಅರ್ಜಿಯನ್ನು ಜಾಲತಾಣದಲ್ಲಿಯೇ ತುಂಬುವ ಅನುಕೂಲ ಮಾಡಿದ್ದೆವು. ಮೂರನೆಯ ವಾರ ಒಂದು ಬೆಳಿಗ್ಗೆ ನೋಡಿದರೆ ನಾನೂರಕ್ಕೂ ಮೇಲ್ಪಟ್ಟು ಹೊಸ ಅರ್ಜಿಗಳು! ಕಾರ್ಯದರ್ಶಿಯವರ ಹರ್ಷ ಹತ್ತು ನಿಮಿಷ ಬಾಳಿತು. ಹೆಸರುಗಳೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗೊಜ್ಜು. ವಿಳಾಸದ ಜಾಗದಲ್ಲಿ ಔಷಧಿ ಮತ್ತು ಜೂಜಿನ ತಾಣಗಳ ಕೊಂಡಿಗಳು. ಬಾಟ್‌ಗೆ ನಮ್ಮ ಸಂಘದ ಮೇಲೆ ದ್ವೇಷವೇನೂ ಇರಲಿಲ್ಲ. ಎಲ್ಲೆಲ್ಲಿ ಖಾಲಿ ಪೆಟ್ಟಿಗೆ ಕಾಣುತ್ತದೋ ಅಲ್ಲೆಲ್ಲ ಜಾಹೀರಾತು ಸುರಿಯುವುದು ಅದರ ಕಸುಬು.

ಸಮಿತಿಯ ಸದಸ್ಯರೊಬ್ಬರ ಮಗ, ಕಂಪ್ಯೂಟರ್ ಓದಿದವನು, ಖರ್ಚಿಲ್ಲದ ಉಪಾಯವೊಂದನ್ನು ಮಾಡಿಕೊಟ್ಟ. ಅರ್ಜಿಯಲ್ಲಿ ಮನುಷ್ಯರ ಕಣ್ಣಿಗೆ ಕಾಣದಂತಹ ಒಂದು ಪೆಟ್ಟಿಗೆಯನ್ನು ಅಡಗಿಸಿಟ್ಟ. ಮನುಷ್ಯನಿಗೆ ಕಾಣದ್ದರಿಂದ ಅವನು ಅದನ್ನು ಖಾಲಿ ಬಿಡುತ್ತಾನೆ. ಪುಟದ ಒಳಮೈಯನ್ನು ಓದುವ ಬಾಟ್ ಅದನ್ನೂ ತುಂಬುತ್ತದೆ. ತುಂಬಿದ ಅರ್ಜಿಗಳೆಲ್ಲ ನೇರ ಕಸದ ಬುಟ್ಟಿಗೆ. ಜೇನು ತೋರಿಸಿ ಹಿಡಿಯುವ ಈ ಬೋನು ಒಂದೇ ದಿನದಲ್ಲಿ ಪವಾಡ ಮಾಡಿತು. ನಾನೂರರ ಜಾಗದಲ್ಲಿ ನಾಲ್ಕೋ ಐದೋ ಬರತೊಡಗಿದವು.

ಎರಡು ತಿಂಗಳ ಬಳಿಕ ಡೊಂಬಿವಲಿಯಿಂದ ಹಿರಿಯರೊಬ್ಬರು ದೂರವಾಣಿ ಮಾಡಿ, ‘ನನ್ನ ಅರ್ಜಿ ಏನಾಯಿತು ಮಾರಾಯ್ರೇ? ನಿವೃತ್ತಿಯಾದವರು ನಿಮಗೆ ಬೇಡವೋ?’ ಎಂದು ಕೇಳಿದರು. ಹುಡುಕಿದೆವು, ಅರ್ಜಿಯೇ ಇರಲಿಲ್ಲ. ಬಹಳ ತಲೆ ಕೆರೆದುಕೊಂಡ ಮೇಲೆ ಹುಡುಗನಿಗೆ ಹೊಳೆಯಿತು. ಆ ಹಿರಿಯರ ಮಗಳು ಅವರ ಬ್ರೌಸರಿನಲ್ಲಿ ಹೆಸರು, ವಿಳಾಸ, ದೂರವಾಣಿಗಳನ್ನು ಉಳಿಸಿಟ್ಟು, ತಾನಾಗಿಯೇ ತುಂಬಿಕೊಳ್ಳುವಂತೆ ಮಾಡಿಕೊಟ್ಟಿದ್ದಳು. ಅಪ್ಪನಿಗೆ ಟೈಪಿಸುವ ಕಷ್ಟ ತಪ್ಪಲೆಂದು. ಆ ಬ್ರೌಸರು ಅಡಗಿಸಿಟ್ಟ ಪೆಟ್ಟಿಗೆಯನ್ನೂ ಶ್ರದ್ಧೆಯಿಂದ ತುಂಬಿತ್ತು. ನಮ್ಮ ತಾಣ ಅವರನ್ನು ಯಂತ್ರವೆಂದು ತೀರ್ಮಾನಿಸಿ, ಒಂದು ಮಾತೂ ಹೇಳದೆ, ಬುಟ್ಟಿಗೆ ಹಾಕಿತ್ತು. ಅದಕ್ಕೆ ಮುನ್ನ ಇನ್ನೆಷ್ಟು ಮಂದಿ ಹಾಗೆ ಹೋದರೋ, ಲೆಕ್ಕವಿಡುವ ವ್ಯವಸ್ಥೆಯನ್ನೇ ನಾವು ಮಾಡಿರಲಿಲ್ಲ.

ಈಗ ಅನುಮಾನದ ಅರ್ಜಿಗಳು ಬುಟ್ಟಿಗೆ ಹೋಗುವುದಿಲ್ಲ. ಬೇರೊಂದು ಪಟ್ಟಿಗೆ ಹೋಗುತ್ತವೆ. ಭಾನುವಾರಗಳಂದು ಸಮಿತಿಯ ಒಬ್ಬರು ಕುಳಿತು ಅದನ್ನು ಕಣ್ಣಾರೆ ನೋಡುತ್ತಾರೆ. ಅರ್ಧ ಗಂಟೆಯ ಕೆಲಸ. ಡೊಂಬಿವಲಿಯ ಹಿರಿಯರಿಗೆ ಕಾಗದದ ಅರ್ಜಿಯನ್ನು ಅಂಚೆಯಲ್ಲಿ ಕಳುಹಿಸಿಕೊಟ್ಟೆವು. ಅವರು ಅದನ್ನು ದುಂಡಗಿನ ಅಕ್ಷರಗಳಲ್ಲಿ ತುಂಬಿ, ‘ಉದ್ಯೋಗ’ ಎಂಬಲ್ಲಿ ‘ನಿವೃತ್ತ ಮನುಷ್ಯ’ ಎಂದು ಬರೆದು ಹಿಂದಿರುಗಿಸಿದರು.